ಸೋದರಮಾವ ನಿಲ್ಲುವ ಜಾಗ

ಆಳಂದ
೧೪ ಮಾರ್ಚ್ ೨೦೨೫

ಚಿ. ಸುಭದ್ರಾಬಾಯಿಗೆ ಅಣ್ಣ ಶಾಂತಲಿಂಗಪ್ಪನ ಆಶೀರ್ವಾದ.

'ನಾವೆಲ್ಲ ಕ್ಷೇಮ' ಎಂದು ಎಲ್ಲರೂ ಬರೆಯುತ್ತಾರೆ, ಯಾರೂ ನಂಬುವುದಿಲ್ಲ. ನಾನು ಮಾತ್ರ ಖರೇನೇ ಕ್ಷೇಮವಾಗಿದ್ದೇನೆ. ಸೊಲ್ಲಾಪುರದಲ್ಲಿ ಟೊಂಕದ ಆಪರೇಷನ್ ಆಗಿ ಮನೆಗೆ ಬಂದೆ. ಮೊದಲೇ ಹೇಳಲಿಲ್ಲ ಎಂದು ಸಿಟ್ಟು ಮಾಡಬೇಡ. ಹೇಳಿದ್ದರೆ ನೀನು ಜೇವರ್ಗಿಯಿಂದ ಆಸ್ಪತ್ರೆಗೆ ಓಡಿ ಬಂದು ಅಲ್ಲಿ ಅಳುತ್ತಿದ್ದೆ, ನರ್ಸುಗಳು ನಿನ್ನನ್ನು ಸಮಾಧಾನ ಮಾಡುತ್ತ ಕೂಡಬೇಕಾಗುತ್ತಿತ್ತು.

ಫೋನಿನಲ್ಲಿ ನಿನಗೆ ಕೇಳುವುದಿಲ್ಲ. ನೀನು "ಆಂ? ಆಂ?" ಎನ್ನುತ್ತೀ, ನಾನು ಚೀರುತ್ತೇನೆ, ನನ್ನ ಟೊಂಕದ ಸುದ್ದಿ ಇಡೀ ಓಣಿಗೆ ಹೋಗುತ್ತದೆ. ಮೊಬೈಲಿನಲ್ಲಿ ಬರೆದು ಕಳಿಸಿದರೆ ನಿನ್ನ ಮಗಳು ಸೃಷ್ಟಿ ಮೊದಲು ಓದುತ್ತಾಳೆ. ಹಾಗಾಗಿ ಕಾಗದವೇ ವಾಸಿ. ಅಕ್ಷರ ಸೊಟ್ಟಗಿದ್ದರೆ ಅದು ಪೆನ್ನಿನ ತಪ್ಪು.

ದಿನಚರಿ ಹೇಳುತ್ತೇನೆ. ಬೆಳಿಗ್ಗೆ ಎದ್ದು ನಾನೇ ಸ್ನಾನ ಮಾಡುತ್ತೇನೆ. ನೆಲದ ಮೇಲೆ ಚಕ್ಕಳಮಕ್ಕಳ ಕೂತು ಲಿಂಗಪೂಜೆ. ಆಮೇಲೆ ಬಸ್‌ಸ್ಟ್ಯಾಂಡಿನ ತನಕ ನಡಿಗೆ. ಮೂವತ್ತು ವರ್ಷ ಪಿ.ಟಿ. ಮಾಸ್ತರನಾಗಿ ಈ ಊರಿನ ಮಕ್ಕಳನ್ನು ನೆಟ್ಟಗೆ ನಿಲ್ಲಿಸಿದವನು ನಾನು, ನನ್ನನ್ನು ಯಾರೂ ನಿಲ್ಲಿಸಬೇಕಾಗಿಲ್ಲ.

ಮಾತಾಡಿಸಲು ಬರುವವರದೇ ಕಾಟ. ಬಾಳೆಹಣ್ಣು ತರುತ್ತಾರೆ, ಮಂಚದ ಪಕ್ಕ ಕೂಡುತ್ತಾರೆ, ಇಂಥದ್ದೇ ಆಪರೇಷನ್ನಿನಲ್ಲಿ ಯಾರು ಯಾರು ಹೋದರು ಎಂದು ಹೇಳಿ ಚಹಾ ಕುಡಿದು ಏಳುತ್ತಾರೆ. ನೀನು ಬರಬೇಡ. ಬಿಸಿಲು ಬಹಳ ಇದೆ.

ನಿನ್ನ ಅಣ್ಣ
ಶಾಂತಲಿಂಗಪ್ಪ

(ಅಂಚಿನಲ್ಲಿ ಬೇರೆ ಅಕ್ಷರ: ಸುಭದ್ರಾ, ನಾ ನಿಂಬೆವ್ವ. ಎಲ್ಲಾ ಚೊಲೋ ಅದ ಅಂತ ಬರಿ ಅಂದಾರ ನಿಮ್ಮಣ್ಣ, ಬರದೀನಿ.)


ಜೇವರ್ಗಿ
೨೦ ಮಾರ್ಚ್ ೨೦೨೫

ಪ್ರೀತಿಯ ಅಣ್ಣಾ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು, ಆಮೇಲೆ ಸಮಾಧಾನವಾಯಿತು. ಬಸ್‌ಸ್ಟ್ಯಾಂಡಿನ ತನಕ ನಡೆಯುತ್ತೀ ಎಂದರೆ ನನಗಿಂತ ನೀನೇ ವಾಸಿ. ವೈನಿ ಮಾತ್ರ ಯಾಕೆ ಅಷ್ಟೇ ಬರೆದರು? ಅವರ ಮಾತು ಯಾವಾಗಲೂ ಮಾರುದ್ದ ಇರುತ್ತಿತ್ತು.

ಒಳ್ಳೆಯ ಸುದ್ದಿ. ಸೃಷ್ಟಿಯ ಲಗ್ನ ಗಟ್ಟಿಯಾಯಿತು. ಹುಡುಗ ಅನೀಲಕುಮಾರ, ಯಡ್ರಾಮಿಯವನು, ದನದ ದವಾಖಾನೆಯಲ್ಲಿ ಕೆಲಸ. ಬಸವ ಜಯಂತಿಯ ದಿನ ಅಕ್ಕಿಕಾಳು, ಇಲ್ಲೇ ಜೇವರ್ಗಿಯ ಕಲ್ಯಾಣ ಮಂಟಪದಲ್ಲಿ.

ಅಣ್ಣಾ, ಒಂದು ಮಾತು. ಅವಳನ್ನು ನಿನ್ನ ಸಂತೋಷಕುಮಾರನಿಗೆ ತರಬೇಕೆಂದು ನೀನು ಮೊದಲಿನಿಂದ ಹೇಳುತ್ತಿದ್ದೆ. ಸೋದರಿಕೆಯ ಹಕ್ಕು ನಿನ್ನದು. ಆದರೆ ಹುಡುಗರಿಬ್ಬರೂ ಒಲ್ಲೆ ಎಂದರು, ನಾನು ಏನು ಮಾಡಲಿ? ಮನಸ್ಸಿನಲ್ಲಿ ಏನಾದರೂ ಇದ್ದರೆ ಬೈದು ಬಿಡು, ಒಳಗೆ ಇಟ್ಟುಕೊಳ್ಳಬೇಡ.

ಸೃಷ್ಟಿಯ ಅಪ್ಪ ಇದ್ದಿದ್ದರೆ ನನಗೆ ಇಷ್ಟು ಚಿಂತೆ ಇರುತ್ತಿರಲಿಲ್ಲ. ನಾನು ಗಂಡ ಇಲ್ಲದವಳು, ಮಂಟಪದ ಮುಂದೆ ನಾನು ಬಂದರೆ ಮುಖ ತಿರುಗಿಸುವವರು ಇದ್ದಾರೆ. ಬಸವಣ್ಣನ ಹೆಸರು ಹೇಳಿಕೊಂಡೇ ತಿರುಗಿಸುತ್ತಾರೆ. ಅವಳ ಕೈ ಹಿಡಿದು ಮಂಟಪಕ್ಕೆ ತಂದು, ಅಕ್ಕಿಕಾಳು ಬಿದ್ದು ಮುಗಿಯುವ ತನಕ ಅವಳ ಹಿಂದೆ ನಿಲ್ಲಬೇಕಾದವನು ಸೋದರಮಾವನಾದ ನೀನು. ನೀನು ನಿಂತರೆ ನಾನೇ ನಿಂತ ಹಾಗೆ. ನೀನು ಇಲ್ಲದಿದ್ದರೆ ಅವಳ ಹಿಂದೆ ನಮ್ಮ ಮನೆಯವರು ಯಾರೂ ಇಲ್ಲ.

ಪತ್ರಿಕೆ ಅಚ್ಚಾದ ಕೂಡಲೇ ತವರಿಗೆ ಕೊಡಲು ನಾನೇ ಬರುತ್ತೇನೆ.

ನಿನ್ನ ತಂಗಿ
ಸುಭದ್ರಾ


ಆಳಂದ
೨೫ ಮಾರ್ಚ್ ೨೦೨೫

ಚಿ. ಸುಭದ್ರಾಳಿಗೆ ಆಶೀರ್ವಾದ.

ಲಗ್ನದ ಸುದ್ದಿ ಓದಿ ನಿನ್ನ ವೈನಿ ಸಕ್ಕರೆ ಹಂಚಿದಳು. ನಾನು ನಿಲ್ಲುತ್ತೇನೆ. ಆಗಸ್ಟ್ ಹದಿನೈದರ ಧ್ವಜದ ಕಂಬ ನಿಂತ ಹಾಗೆ ನಿಲ್ಲುತ್ತೇನೆ, ಅದರಲ್ಲಿ ಕೇಳುವುದೇನಿದೆ?

ಸಂತೋಷಕುಮಾರನ ವಿಷಯ ಬಿಡು. ಅವನು ಅಫಜಲಪುರದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ತನ್ನ ಪಾಡಿಗೆ ತಾನು ಇದ್ದಾನೆ.

ನೀನು ಪತ್ರಿಕೆ ಕೊಡಲು ಬರುವ ಅವಶ್ಯಕತೆ ಇಲ್ಲ. ಅಂಚೆಯಲ್ಲಿ ಕಳಿಸಿದರೆ ಸಾಕು. ನಾನು ಮನೆಯಲ್ಲಿ ಸಿಗುವುದು ಕಷ್ಟ, ಹೊಲದ ಕಡೆ ಹೋಗಿರುತ್ತೇನೆ, ಇಲ್ಲವೆಂದರೆ ಮಗನ ಹತ್ತಿರ. ಖಾಲಿಪೀಲಿ ತಕಲೀಫ್ ಮಾಡಿಕೊಳ್ಳಬೇಡ.

ಶಾಂತಲಿಂಗಪ್ಪ


ಜೇವರ್ಗಿ
೭ ಏಪ್ರಿಲ್ ೨೦೨೫

ಪೂಜ್ಯ ಅಣ್ಣನವರಿಗೆ ಸುಭದ್ರಾಬಾಯಿಯ ನಮಸ್ಕಾರ.

ತವರಿನ ಪತ್ರಿಕೆಯನ್ನು ಅಂಚೆಗೆ ಹಾಕುವಷ್ಟು ದೊಡ್ಡವಳು ನಾನಿನ್ನೂ ಆಗಿಲ್ಲ. ಶನಿವಾರ ಘತ್ತರಗಿಗೆ ಹೋಗಿ ಮೊದಲ ಪತ್ರಿಕೆಯನ್ನು ಭಾಗ್ಯವಂತಿ ದೇವಿಯ ಮುಂದೆ ಇಟ್ಟೆ. ಎರಡನೆಯದನ್ನು ಹಿಡಿದುಕೊಂಡು ಅಫಜಲಪುರದಲ್ಲಿ ಬಸ್ಸು ಬದಲಿಸಿ ಆಳಂದಕ್ಕೆ ಬಂದೆ. ವೈನಿ ಹೇಳಿರಬಹುದು.

ತಾವು ಹೊಲಕ್ಕೆ ಹೋಗಿದ್ದೀರಿ ಎಂದರು. ನನ್ನ ಕಿವಿಗೆ ಬೀಳಲಿಲ್ಲವೆಂದು ಮತ್ತೆ ಮತ್ತೆ ಚೀರಿ ಹೇಳಿದರು. ಆಪರೇಷನ್ ಆದವರು ಆ ಉರಿಬಿಸಿಲಿನಲ್ಲಿ ಹೊಲಕ್ಕೆ ಹೋಗುವಷ್ಟು ಗಟ್ಟಿಯಾಗಿದ್ದಾರೆ ಎಂದರೆ ಸಂತೋಷ. ಚಹಾ ಕುಡಿದೆ. ಪತ್ರಿಕೆಯನ್ನು ದೇವರ ಜಗಲಿಯ ಮೇಲೆ ಇಟ್ಟು ಎದ್ದು ಬಂದೆ.

ತಮಗೆ ನಿಲ್ಲಲು ಆಗದಿದ್ದರೆ ಬಲವಂತವಿಲ್ಲ. ಚಿಕ್ಕಪ್ಪನ ಮಗ ಶಂಕರಲಿಂಗನೂ ಸೃಷ್ಟಿಗೆ ಮಾಮಾನೇ ಆಗಬೇಕು. ಅವನನ್ನು ನಿಲ್ಲಿಸುತ್ತೇನೆ.

ಸುಭದ್ರಾಬಾಯಿ


ಆಳಂದ
೧೧ ಏಪ್ರಿಲ್ ೨೦೨೫

ಸುಭದ್ರಾ,

ಶಂಕರಲಿಂಗ? ಇಡೀ ಬಳಗದಲ್ಲಿ ನಿನಗೆ ಸಿಕ್ಕವನು ಶಂಕರಲಿಂಗ? ನನ್ನ ಶಾಲೆಯಲ್ಲೇ ಕಲಿತವನು. 'ದಾಹಿನೇ ಮುಡ್' ಎಂದರೆ ಎಡಕ್ಕೆ ತಿರುಗಿ ಹುಡುಗಿಯರ ಸಾಲನ್ನು ನೋಡುತ್ತ ನಿಲ್ಲುತ್ತಿದ್ದ. ಈಗ ಬಾಯಿ ತುಂಬ ಗುಟ್ಕಾ. ಅಕ್ಕಿಕಾಳು ಬೀಳುವಾಗ ಅವನು ಎಲ್ಲಿ ಉಗುಳುತ್ತಾನೆ ಎಂದು ಯೋಚನೆ ಮಾಡಿದ್ದೀಯಾ? ಹುಡುಗಿಯ ಬೆನ್ನಿಗೇ ಉಗುಳಿದರೂ ಆಶ್ಚರ್ಯವಿಲ್ಲ!

ನನ್ನ ಬಗ್ಗೆ ನಿನಗೆ ಯಾರೋ ಹೇಳಿದ್ದಾರೆ. ಯಾರೆಂದು ಗೊತ್ತು. ಎದುರು ಮನೆಯ ಮದೀನಾಬಿ, ಅಥವಾ ಬಾಳೆಹಣ್ಣಿನವರಲ್ಲಿ ಯಾರೋ ಒಬ್ಬರು. ಹೇಳಿದ್ದನ್ನು ಕೇಳಿ ನೀನು 'ತಾವು' 'ತಮಗೆ' ಎಂದು ಬರೆದು ನನ್ನನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದೆ. ಬೀಗರ ಮುಂದೆ ಗಟ್ಟಿಮುಟ್ಟಾದ ಮಾವ ಬೇಕು, ಫೋಟೋದಲ್ಲಿ ಚೆಂದ ಕಾಣುವ ಮಾವ ಬೇಕು. ಇರಲಿ. ನಿನ್ನ ಮಗಳು, ನಿನ್ನ ಮಂಟಪ. ಲಗ್ನದ ಉಡುಗೊರೆಯ ಆಯೇರಿ ಸೀರೆಯನ್ನು ಅಂಚೆಯಲ್ಲಿ ಕಳಿಸುತ್ತೇನೆ.

ಅಪ್ಪ ಸತ್ತಾಗ ನಿನ್ನ ಲಗ್ನ ನಾನೇ ಮಾಡಿದೆ ಎಂಬುದನ್ನು ನೆನಪು ಮಾಡಬಾರದು, ಆದರೂ ನೆನಪು ಬರುತ್ತದೆ.

ಶಾಂತಲಿಂಗಪ್ಪ


ಜೇವರ್ಗಿ
೧೫ ಏಪ್ರಿಲ್ ೨೦೨೫

ಅಣ್ಣಾ,

ನೀನು ಏನು ಬರೆದಿದ್ದೀ ಎಂದು ನನಗೆ ತಿಳಿಯಲೇ ಇಲ್ಲ. ಯಾರೂ ನನಗೆ ಏನೂ ಹೇಳಿಲ್ಲ. ಹೇಳಿದರೂ ನನಗೆ ಎಲ್ಲಿ ಕೇಳುತ್ತದೆ? ದಾಲ್‌ಮಿಲ್ಲಿನ ಸದ್ದು ನನ್ನ ಕಿವಿ ತಿಂದು ಎಷ್ಟು ಕಾಲವಾಯಿತು. ನನಗೆ ಉಳಿದಿರುವುದು ಕಣ್ಣು. ಕಣ್ಣಿನಿಂದ ಕಂಡದ್ದನ್ನೇ ಹೇಳುತ್ತೇನೆ, ಕೇಳು.

ನಿಮ್ಮ ಪಡಸಾಲೆಯ ಮೂಲೆಗೆ ವೈನಿಯ ಹಸಿರು ಇಳಕಲ್ ಸೀರೆಯನ್ನು ಪರದೆ ಕಟ್ಟಿದ್ದರು. ಅದು ನೆಲದಿಂದ ಒಂದು ಗೇಣು ಮೇಲಿತ್ತು. ಕೆಳಗೆ ಎರಡು ಕಾಲು ಕಂಡವು. ಎಡಗಾಲಿನ ಹೆಬ್ಬೆರಳ ಉಗುರು ಎರಡು ಸೀಳು. ಆ ಉಗುರು ಸೀಳಿದ್ದು ಬಾವಿಕಟ್ಟೆಯ ಮೇಲೆ ನನ್ನ ಕೈಯಿಂದ ಕೊಡ ಜಾರಿ. ನನ್ನ ಪರಕರದ ಅಂಚು ಹರಿದು ಆ ಬೆರಳಿಗೆ ನಾನೇ ಕಟ್ಟಿದ್ದೆ. ನನ್ನ ಅಣ್ಣನ ಕಾಲು ನನಗೆ ಗೊತ್ತಾಗುವುದಿಲ್ಲವೇ?

ಹಿಮ್ಮಡಿ ಜೋಡಿಸಿ, ಸಾವಧಾನ್ ನಿಂತವರ ಹಾಗೆ ಇದ್ದವು. ನಾನು ಚಹಾ ಕುಡಿದು ಮುಗಿಸುವ ತನಕ ಅಲ್ಲಾಡಲಿಲ್ಲ. ವೈನಿ "ಹೊಲಕ್ಕ ಹೋಗ್ಯಾರ! ಹೊಲಕ್ಕ!" ಎಂದು ಚೀರುತ್ತಿದ್ದರು, ನಾನು ಕಾಲು ನೋಡುತ್ತಿದ್ದೆ. ಗಟ್ಟಿಯಾಗಿ ನಿಂತುಕೊಂಡು, ತಂಗಿ ಯಾವಾಗ ಎದ್ದು ಹೋಗುತ್ತಾಳೆ ಎಂದು ಕಾಯುತ್ತಿದ್ದೆಯಲ್ಲ ಅಣ್ಣಾ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಮಗಳನ್ನು ಹೊರಗೆ ಕೊಟ್ಟೆ ಎಂದು ಹೊಡೆದಿದ್ದರೂ ಸರಿ. ನಮ್ಮಿಬ್ಬರನ್ನೂ ಹಡೆದವಳ ಮನೆಯಲ್ಲಿ ಮುಖ ತೋರಿಸದೆ ಅಡಗಿ ನಿಂತೆಯಲ್ಲ.

ಅಳು ಬಂದದ್ದು ಬಸ್ಸಿನಲ್ಲಿ. ಲೇಡಿ ಕಂಡಕ್ಟರು, "ಯಾಕ್ರಿ ಅವ್ವಾ, ಕಿಡಕಿ ಸೀಟ ಬೇಕಾಗಿತ್ತೇನ್ರಿ?" ಎಂದು ಕೇಳಿದಳು. ಹೌದು ಎಂದೆ.

ಅದಕ್ಕೇ ಶಂಕರಲಿಂಗನ ಹೆಸರು ಬರೆದೆ. ನನಗೇನು ಅವನ ಮೇಲೆ ಪ್ರೀತಿಯೇ? ಸಂತೋಷಕುಮಾರನ ಸಿಟ್ಟು ಅಲ್ಲದಿದ್ದರೆ ಮತ್ತೇನು ಎಂದು ಒಂದು ಸಲ ಖರೇ ಬರಿ. ಆಮೇಲೆ ನಾನು ಕೇಳುವುದಿಲ್ಲ.

ಸುಭದ್ರಾ


ಆಳಂದ
೧೮ ಏಪ್ರಿಲ್ ೨೦೨೫

ಸುಭದ್ರಾ,

ಕ್ಷೇಮ ಎಂದು ಈ ಸಲ ಬರೆಯುವುದಿಲ್ಲ.

ನಾನು ನಿಂತಿರಲಿಲ್ಲ. ಕೂತಿದ್ದೆ.

ಆ ಪರದೆಯ ಹಿಂದೆ ಒಂದು ಕುರ್ಚಿ ಇದೆ, ನಡುವೆ ತೂತು ಇರುವಂಥದ್ದು. ಕೆಳಗೆ ಬಕೆಟ್ಟು. ನಮ್ಮ ಪಾಯಖಾನೆ ಹಿತ್ತಲಿನಲ್ಲಿದೆ, ಮೆಟ್ಟಿಲು ಇಳಿದು ಹೋಗಬೇಕು, ಕುಕ್ಕರಗಾಲಿನಲ್ಲಿ ಕೂಡಬೇಕು. ನನಗೆ ಬಾಗಲು ಬಾರದು, ಕುಕ್ಕರಗಾಲಿನಲ್ಲಿ ಕೂಡಲು ಬಾರದು, ನೆಲದ ಮೇಲೆ ಕೂಡಲು ಬಾರದು. ಡಾಕ್ಟರ ಕಟ್ಟಪ್ಪಣೆ. ಹಾಗಾಗಿ ಪಡಸಾಲೆಯ ಮೂಲೆಯೇ ನನ್ನ ಪಾಯಖಾನೆ. ನನ್ನ ಕಾಲಿನ ಹಿಂದಿದ್ದ ಬಕೆಟ್ಟು ನಿನ್ನ ಕಣ್ಣಿಗೆ ಬೀಳಲಿಲ್ಲ ಎಂದರೆ ಅದು ನನ್ನ ಪುಣ್ಯ.

ಕೆಲಸ ಮುಗಿಸಿ, ನಿಂಬೆವ್ವ ಬಂದು ತೊಳೆದು ಎಬ್ಬಿಸಲಿ ಎಂದು ಕಾಯುತ್ತಿದ್ದೆ. ಹೌದು, ತೊಳೆಯುವವಳು ಅವಳೇ. ಬರೆದಾಯಿತು, ಇನ್ನು ಮುಚ್ಚುವುದೇನು. ಅಷ್ಟರಲ್ಲಿ ಬಾಗಿಲಲ್ಲಿ "ವೈನೀ!" ಎಂಬ ನಿನ್ನ ದನಿ. ನನ್ನ ಜೀವವೇ ಹೋಯಿತು. ಧೋತರ ಮೊಳಕಾಲ ಹತ್ತಿರ ಇತ್ತು, ಎಳೆದುಕೊಳ್ಳಲು ಬಾಗಬೇಕು, ಬಾಗಲು ಆಗುವುದಿಲ್ಲ. ಪರದೆಯ ಸಂದಿಯಲ್ಲಿ ನಿಂಬೆವ್ವನಿಗೆ ಕೈ ಮಾಡಿ 'ಇಲ್ಲ ಅನ್ನು, ಇಲ್ಲ ಅನ್ನು' ಎಂದೆ. ಅವಳ ಬಾಯಿಗೆ ಹೊಲ ಬಂತು.

ನಿನಗೆ ಕೇಳಲಿಲ್ಲ. ಅವಳು ಮತ್ತೆ ಚೀರಿದಳು. ಮತ್ತೂ ಚೀರಿದಳು. ನೀನು ಹೋದ ಮೇಲೆ ಎದುರು ಮನೆಯ ಮದೀನಾಬಿ ಬಾಗಿಲಿಗೆ ಬಂದು, "ಮಾಸ್ತರ ಹೊಲಕ್ಕ ಹೋಗ್ಯಾರೇನ್ರಿ ನಿಂಬೆವ್ವಾ? ಯಾರ ಎತ್ಕೊಂಡ ಹೋದ್ರು?" ಎಂದು ಕೇಳಿದಳು.

ನೀನು ಇದ್ದಷ್ಟು ಹೊತ್ತು ನಾನು ಉಸಿರು ಬಿಗಿ ಹಿಡಿದಿದ್ದೆ. ಕುರ್ಚಿ ಕಿರ್ ಎಂದರೆ, ಕೆಮ್ಮು ಬಂದರೆ, ಹೊಟ್ಟೆ ಗುಡುಗುಟ್ಟಿದರೆ ಎಂದು ಹೆದರಿ ಬೆವರಿದೆ. ನಿನಗೆ ಕಿವಿ ಕೇಳುವುದಿಲ್ಲ ಎಂಬುದು ನೀನು ಹೋಗುವ ತನಕ ನನಗೆ ನೆನಪಾಗಲಿಲ್ಲ. ಹಿಮ್ಮಡಿ ಜೋಡಿಸಿದ್ದು ನಿಜ. ಹೆದರಿಕೆಯಾದಾಗ ನನ್ನ ಕಾಲುಗಳು ತಾವಾಗಿಯೇ ಸಾವಧಾನಕ್ಕೆ ಬರುತ್ತವೆ.

ನೀನು ಎದ್ದು ಹೊರಟಾಗ ನಿನ್ನ ಸೀರೆಯ ಅಂಚು ಪರದೆಯ ಕೆಳಗೆ ಹಾದು ಹೋಯಿತು. ಕೂಗಬೇಕು ಎನಿಸಿತು. ಬಾಯಿ ತೆರೆದೆ. ನಾಚಿಕೆಯೇ ಗೆದ್ದಿತು. ಹಾಗೇ ಕೂತು ಅತ್ತೆ, ಅಂಥಾ ಕುರ್ಚಿಯ ಮೇಲೆ ಕೂತು ಅತ್ತೆ. ಸಣ್ಣ ಮಕ್ಕಳಿಗಾದರೂ ಅದು ಶೋಭಿಸುತ್ತದೆ.

ಬಸ್‌ಸ್ಟ್ಯಾಂಡಿನ ನಡಿಗೆ ಸುಳ್ಳು. ವಾಕರ್ ಹಿಡಿದು ಮದೀನಾಬಿಯ ಬಾಗಿಲ ತನಕ ಹೋಗುತ್ತೇನೆ. ಅದೂ ಓಣಿಯಲ್ಲಿ ಜನ ಇಲ್ಲದಾಗ. ಪೂಜೆ ಕುರ್ಚಿಯ ಮೇಲೆ ಕೂತು. ಸ್ನಾನ ಅವಳು ಮಾಡಿಸುತ್ತಾಳೆ, ಬೆನ್ನು ತಿಕ್ಕುವಾಗ "ಕೈ ಮ್ಯಾಲ ಎತ್ತರಿ, ಈ ಕಡಿ ತಿರಗರಿ" ಎನ್ನುತ್ತಾಳೆ. ನಾನು ಮೂವತ್ತು ವರ್ಷ ಬೇರೆಯವರಿಗೆ ಹೇಳಿದ್ದನ್ನೇ ಈಗ ನನಗೆ ಹೇಳಿಸಿಕೊಳ್ಳುತ್ತಿದ್ದೇನೆ. ಹಾಸಿಗೆಯಿಂದ ಎದ್ದು ಕೂಡಲು ಮೊದಲು ಮಗ್ಗಲಾಗಬೇಕು, ಆಮೇಲೆ ಕಾಲು ಕೆಳಗೆ ಬಿಡಬೇಕು, ಆಮೇಲೆ ಕೈ ಊರಬೇಕು. ಹೋದ ವಾರದಿಂದ ಅಷ್ಟನ್ನು ಒಬ್ಬನೇ ಮಾಡುತ್ತೇನೆ. ಅಂಗಿಯ ಗುಂಡಿ ಹಾಕಿಕೊಳ್ಳುತ್ತೇನೆ. ಧೋತರ ಇನ್ನೂ ಅವಳೇ ಉಡಿಸಬೇಕು.

ಸಂತೋಷಕುಮಾರನ ವಿಷಯ. ಬೇಜಾರಾಗಿತ್ತು, ಇಲ್ಲ ಎನ್ನುವುದಿಲ್ಲ. ಸೃಷ್ಟಿಯ ಲಗ್ನದ ಸುದ್ದಿ ಕೇಳಿ ಅವನಿಗೇ ಖುಷಿಯಾದದ್ದು ನೋಡಿದ ಮೇಲೆ ಹೋಯಿತು. ನಿನ್ನ ಮೇಲೆ ಸಿಟ್ಟು ಯಾವತ್ತೂ ಇರಲಿಲ್ಲ ಬೇ.

ಇನ್ನು ಲಗ್ನ. ಟೊಂಕಕ್ಕೆ ಪಟ್ಟಿ ಬಿಗಿದುಕೊಂಡು, ಎದುರಿಗೆ ಹಿಡಿಯಲು ಏನಾದರೂ ಇದ್ದರೆ ಸ್ವಲ್ಪ ಹೊತ್ತು ನಿಲ್ಲಬಲ್ಲೆ. ನನ್ನ ಹೆದರಿಕೆ ನಿಲ್ಲುವುದಕ್ಕಲ್ಲ. ಆಪರೇಷನ್ ಆದಾಗಿನಿಂದ ಬಂತೆಂದರೆ ತಡೆಯಲಾಗುವುದಿಲ್ಲ. ಕಲ್ಯಾಣ ಮಂಟಪದ ಪಾಯಖಾನೆಯಲ್ಲಿ ಕೂಡಲು ಆಗುವುದಿಲ್ಲ. ಬೀಗರೆಲ್ಲ ಅಕ್ಕಿಕಾಳು ಹಿಡಿದುಕೊಂಡು ನಿಂತಿರುವಾಗ ನನ್ನ ಧೋತರ ಒದ್ದೆಯಾದರೆ? ಸೃಷ್ಟಿ ಹೊಸ ಸೀರೆ ಉಟ್ಟು ನನ್ನ ಮುಂದೆಯೇ ನಿಂತಿರುತ್ತಾಳೆ. ಯಡ್ರಾಮಿಯಲ್ಲಿ ಅವಳು ಬಾಳುವಷ್ಟು ಕಾಲ ಆ ಮಾತು ಅವಳ ಹಿಂದೆ ಇರುತ್ತದೆ.

ಶಂಕರಲಿಂಗನನ್ನು ನಿಲ್ಲಿಸು. ಗುಟ್ಕಾ ಉಗುಳಿಸಿ ನಿಲ್ಲಿಸು. ಇದನ್ನು ಓದಿ ಒಲೆಗೆ ಹಾಕು.

ನಿನ್ನ ಅಣ್ಣ


ಜೇವರ್ಗಿ
೨೩ ಏಪ್ರಿಲ್ ೨೦೨೫

ಅಣ್ಣಾ,

ಒಲೆಗೆ ಹಾಕಿದೆ. ಗ್ಯಾಸಿನ ಒಲೆಯಾದ್ದರಿಂದ ಕಾಗದ ಹಾರಿ, ಒರೆಸುವ ಅರಿವೆಗೆ ಹತ್ತಿಕೊಂಡು, ಸೃಷ್ಟಿ ಓಡಿ ಬಂದು ನೀರು ಹಾಕಿದಳು. "ಏನ್ ಸುಡಾಕತ್ತಿ ಯವ್ವಾ?" ಎಂದಳು. ಹಳೆಯ ಕಾಗದ ಎಂದೆ.

ನನಗೂ ನಾಚಿಕೆಯಾಗಿದೆ. ನೀನು ಏಳಲಾಗದೆ ಕೂತಿದ್ದೆ, ನಾನು ಮೂರು ಮಾರು ದೂರದಲ್ಲಿ ಕೂತು ಚಹಾಕ್ಕೆ ಸಕ್ಕರೆ ಕಡಿಮೆ ಎಂದು ಹೇಳಿ ಮತ್ತೆ ಹಾಕಿಸಿಕೊಂಡೆ. ಆ ಪರದೆ ಸರಿಸಿ "ಯಾಕೋ ಅಣ್ಣಾ" ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ನಿನ್ನ ಮುಖದಲ್ಲಿ ಸಿಟ್ಟು ನೋಡಬೇಕಾಗುತ್ತದೆ ಎಂದು ಹೆದರಿ ಬಸ್ಸು ಹತ್ತಿದೆ. ರಾತ್ರಿಯಿಡೀ ಅತ್ತೆ. ಅತ್ತು ಮುಗಿದ ಮೇಲೆ, ಕಿವುಡಿಯ ಮುಂದೆ ಉಸಿರು ಹಿಡಿದು ಕೂತದ್ದು ನೆನಪಾಗಿ ನಗು ಬಂತು. ನೀನು ಬೈದರೂ ಸರಿ, ನಕ್ಕೆ.

ಸೃಷ್ಟಿಗೆ ಅರ್ಧ ಹೇಳಿದ್ದೇನೆ, ಟೊಂಕದ ಅರ್ಧ. ಉಳಿದದ್ದು ನಮ್ಮಿಬ್ಬರಲ್ಲೇ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಮಾಮಾಗ ಹಿಡಿಯಾಕ ಏನರ ಬೇಕಂದ್ರ ನನ್ನ ಹೆಗಲ ಹಿಡೀಲಿ. ಪೂರಾ ಭಾರ ಹಾಕಲಿ. ಶಂಕರಲಿಂಗ ಮಾಮಾ ಹಿಂದ ನಿಂತ್ರ ನಾ ಮಂಟಪಕ್ಕ ಬರಾಂಗಿಲ್ಲ." ಅವಳ ಹಟ ನಿನಗೆ ಗೊತ್ತು, ನಿನ್ನದೇ ರಕ್ತ. ನೋಡುವವರಿಗೆ ಸೋದರಮಾವ ಆಶೀರ್ವಾದ ಮಾಡಿದ ಹಾಗೇ ಕಾಣುತ್ತದೆ.

ಇನ್ನು ಉಳಿದ ಮಾತು. ಸೃಷ್ಟಿಯ ಅಪ್ಪ ಅಂಗಡಿಯಲ್ಲಿ ಕೂಡುತ್ತಿದ್ದ ಸಾಗವಾನಿ ಕುರ್ಚಿ ನೆನಪಿದೆಯಲ್ಲ? ಅವರು ಹೋದ ಮೇಲೆ ಅದರ ಮೇಲೆ ಯಾರನ್ನೂ ಕೂಡಗೊಟ್ಟಿರಲಿಲ್ಲ. ನಿನ್ನೆ ಬಡಿಗ ಯಾಸೀನನನ್ನು ಕರೆಸಿದೆ. "ಇಂಥಾ ಚೊಲೋ ಕುರ್ಚಿಗಿ ತೂತ ಯಾಕ್ರಿ ಬಾಯಿ?" ಎಂದ. "ನಮ್ಮಣ್ಣ ಕೂಡ್ತಾನ, ನೀ ಕೊರಿ" ಎಂದೆ. ಕೊರೆದು, ಅಂಚಿಗೆ ಉಸುಕಿನ ಕಾಗದ ಹಾಕಿ ನುಣ್ಣಗೆ ತಿಕ್ಕಿ ಕೊಟ್ಟ. ನಾನೇ ಕೂತು ನೋಡಿದೆ, ಕಿರ್ ಎನ್ನುವುದಿಲ್ಲ ಎಂದು ಸೃಷ್ಟಿ ಕೇಳಿ ಹೇಳಿದಳು.

ಕಲ್ಯಾಣ ಮಂಟಪದಲ್ಲಿ ಮದುಮಗಳ ಕೋಣೆ ವೇದಿಕೆಗೆ ಅಂಟಿಕೊಂಡೇ ಇದೆ. ಆ ಕುರ್ಚಿ ಅದರೊಳಗೆ ಇರುತ್ತದೆ, ಕೀಲಿ ನನ್ನ ಸೊಂಟದಲ್ಲಿ ಇರುತ್ತದೆ. ಮಂಟಪದ ಮುಂದೆ ಬರಲು ನನ್ನನ್ನು ಬಿಡದವರು ಆ ಕೋಣೆಯ ಬಾಗಿಲು ಕಾಯಲು ಬಿಡುತ್ತಾರಲ್ಲ, ನಾನು ಅಲ್ಲೇ ಕೂಡುತ್ತೇನೆ. ನಿನಗೆ ಬಂದ ಕೂಡಲೇ ಸೃಷ್ಟಿಯ ಹೆಗಲನ್ನು ಒಮ್ಮೆ ಒತ್ತು. ಅವಳು ತಲೆ ಸುತ್ತಿತು ಎಂದು ಕೂತುಬಿಡುತ್ತಾಳೆ. ಮದುಮಗಳಿಗೆ ತಲೆ ಸುತ್ತುವುದು ಹೊಸದಲ್ಲ, ಅಕ್ಕಿಕಾಳು ಹಿಡಿದವರು ಕಾಯುತ್ತಾರೆ, ಅಷ್ಟರಲ್ಲಿ ವೈನಿ ನಿನ್ನನ್ನು ಕೋಣೆಗೆ ಕರೆತರಲಿ. ಇದು ಅವಳದೇ ಲೆಕ್ಕಾಚಾರ. ಅರ್ಧ ಹೇಳಿದರೂ ಅವಳು ಪೂರ್ತಿ ತಿಳಿದುಕೊಂಡಳು ಅಣ್ಣಾ, ಕ್ಷಮಿಸು.

ಕೋಣೆಯ ಮೂಲೆಗೆ ಪರದೆ ಬೇಕಲ್ಲ. ನನ್ನ ಲಗ್ನದಲ್ಲಿ ನೀನು ಆಯೇರಿ ಕೊಟ್ಟ ಸೊಲ್ಲಾಪುರ ಚಾದರು ಎರಡಿವೆ. ಒಂದಕ್ಕೊಂದು ಜೋಡಿಸಿ ಹೊಲಿಸಿದೆ. ನಿನ್ನೆ ಹೋಗಿ ಕಟ್ಟಿ, ದೂರ ನಿಂತು ನೋಡಿದೆ, ಬಗ್ಗಿಯೂ ನೋಡಿದೆ. ನೆಲಕ್ಕೆ ಮುಟ್ಟಿ ಇನ್ನೂ ಒಂದು ಗೇಣು ಹರಡಿಕೊಳ್ಳುತ್ತದೆ.

ಕಾಲು ಕಾಣುವುದಿಲ್ಲ. ಬಾ.

ನಿನ್ನ ತಂಗಿ
ಸುಭದ್ರಾ